ಈ ಸಲ ಮನೆಯೇ ನಿನ್ನ ಬಾಗಿಲಿಗೆ ಬರುತ್ತದೆ

ಅಳದಂಗಡಿ
ಕಾರ್ತಿಕ ಮಾಸ

ಪ್ರೀತಿಯ ತಂಗೀ,

ಮಳೆ ಪೂರ್ತಿ ಬಿಟ್ಟಿದೆ, ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದೇವೆ. ನಿನ್ನ ಭಾವ ಜಗಲಿಯಲ್ಲಿ ಕುಳಿತು ಮಂಗಗಳನ್ನು ಓಡಿಸುವ ಕೆಲಸ ನೋಡಿಕೊಳ್ಳುತ್ತಿದ್ದಾರೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಲ್ಲಿ ಹಾಗೆಯೇ ಕೂತಿದೆ. “ಸೊಂಟದ ಆಪರೇಶನ್ ಆದ ಮೇಲೆ ನನ್ನ ತಿರುಗಾಟ ಮುಗಿಯಿತು ಅಕ್ಕ. ಇನ್ನು ಡೊಂಬಿವಲಿಯ ಈ ಎರಡು ಕೋಣೆಯೇ ನನ್ನ ಊರು” ಎಂದೆಯಲ್ಲ. ಅದಕ್ಕೆ ಫೋನಿನಲ್ಲಿ ಸಮಾಧಾನ ಹೇಳಿದರೆ ಸಾಲದು ಅನ್ನಿಸಿತು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನಿನ್ನ ಭಾವನಿಗೆ ಪಾರ್ಶ್ವವಾಯು ಬಂದು ಬಲಗೈ ಬಲಗಾಲು ಸೋತ ಮೇಲೆ ಇವರೂ ಇದೇ ಮಾತು ಆಡಿದ್ದರು. ಮದುವೆ, ಗೃಹಪ್ರವೇಶ, ಕೊನೆಗೆ ಸ್ವಂತ ಅಕ್ಕನ ಉತ್ತರಕ್ರಿಯೆಗೂ ಹೋಗಲಿಲ್ಲ. ಯಾರು ಕೇಳಿದರೂ “ಕಾಲಿಗೆ ಆಗುವುದಿಲ್ಲ” ಎನ್ನುತ್ತಿದ್ದರು. ನಿಜವಾದ ಕಾರಣ ನನಗೆ ಮಾತ್ರ ಗೊತ್ತಿತ್ತು. ಹೋದಲ್ಲಿ ಬಾತ್‌ರೂಮು ಎಲ್ಲಿರುತ್ತದೆ, ಎಷ್ಟು ಮೆಟ್ಟಿಲು ಇಳಿಯಬೇಕು, ಕೂತರೆ ಏಳಲು ಏನನ್ನು ಹಿಡಿಯುವುದು, ಯಾರನ್ನು ಕರೆಯುವುದು, ಇದೇ ಹೆದರಿಕೆ. ಹೊರಡುವ ದಿನ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಬಿ.ಪಿ.ಗೆಂದು ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಬಿಟ್ಟುಬಿಡುತ್ತಿದ್ದರು. ಮುದುಕರು ಎಷ್ಟೋ ಮಂದಿ ಹೀಗೆಯೇ ಮಾಡುತ್ತಾರೆ, ಯಾರಿಗೂ ಹೇಳುವುದಿಲ್ಲ. ನೀನೂ ಮಾಡುತ್ತೀ ಎಂದು ನನಗೆ ಗೊತ್ತು. ಶಕ್ತಿ ಯೋಜನೆ ಬಂದು 2023ರ ಜೂನ್‌ನಿಂದ ನಮಗೆ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಅದು ದೊಡ್ಡ ಉಪಕಾರ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಅದೇ ಎತ್ತರದಲ್ಲಿದೆ, ನನ್ನ ಮಂಡಿ ಅಲ್ಲಿಗೆ ಏರುವುದಿಲ್ಲ.

ಇದನ್ನೆಲ್ಲ ನೋಡಿಯೇ ಮಗ ಬೆಂಗಳೂರಿನಿಂದ ಒಂದು ಮೋಟರ್‌ಹೋಮ್ ಬಾಡಿಗೆಗೆ ಮಾಡಿಸಿ, ಡ್ರೈವರ್ ಸಮೇತ ಕರೆತಂದ. ಹೊರಗಿನಿಂದ ನೋಡಿದರೆ ಸಣ್ಣ ಬಸ್ಸಿನ ಹಾಗೆ ಇದೆ. ಒಳಗೆ ಮಲಗಲು ಮಂಚ, ಪುಟ್ಟ ಅಡುಗೆ ಕಟ್ಟೆ, ಫ್ರಿಜ್, ಒಂದು ಬಾತ್‌ರೂಮು. ನೀರಿಗೆ ಒಂದು ಟ್ಯಾಂಕಿ, ಬಳಸಿದ ನೀರು ಸೇರಲು ಇನ್ನೊಂದು. ತೋಟದ ದಾರಿಯಲ್ಲಿ ಬಗ್ಗಿದ ಕೊಂಬೆಗಳೂ ಕರೆಂಟಿನ ತಂತಿಗಳೂ ಇರುವುದರಿಂದ ಮನೆಯ ತನಕ ಬರಲಿಲ್ಲ. ಮುಖ್ಯರಸ್ತೆಯಲ್ಲೇ ನಿಲ್ಲಿಸಿ, ನಿನ್ನ ಭಾವನನ್ನು ರಿಕ್ಷಾದಲ್ಲಿ ಅಲ್ಲಿಯ ತನಕ ಕರೆದುಕೊಂಡು ಹೋದೆವು.

ಆ ಬಾತ್‌ರೂಮಿನ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ನಿನಗೆ ಬೇಕಾದದ್ದು ಅದೇ. ಅದು ತುಂಬಾ ಇಕ್ಕಟ್ಟು. ವಾಕರ್ ಒಳಗೆ ಹೋಗುವುದಿಲ್ಲ ಎಂದು ನೋಡಿ ನನಗೆ ಗಾಬರಿಯಾಯಿತು. ಇವರು ವಾಕರನ್ನು ಬಾಗಿಲಲ್ಲೇ ಬಿಟ್ಟು, ಎಡಗೈಯಲ್ಲಿ ಸ್ಟೀಲಿನ ಹಿಡಿಕೆ ಹಿಡಿದು, ಬಲ ಭುಜವನ್ನು ಗೋಡೆಗೆ ಒರಗಿಸಿ ಮೆಲ್ಲನೆ ತಿರುಗಿ ಕೂತರು. ಯಾವ ಕಡೆ ವಾಲಿದರೂ ಅಲ್ಲೊಂದು ಗೋಡೆ. ದೊಡ್ಡ ಬಚ್ಚಲುಮನೆಯಲ್ಲಿ ಸಿಗದ ಧೈರ್ಯ ಆ ಇಕ್ಕಟ್ಟಿನಲ್ಲಿ ಸಿಕ್ಕಿತು. “ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ” ಎಂದರು. ಚಿಲಕ ಮಾತ್ರ ಹಾಕಬೇಡಿ ಎಂದು ನಾನು ಆಚೆ ನಿಂತೆ. ಕಾಯಿಲೆ ಬಿದ್ದ ಮೇಲೆ ಮನೆಯ ಹೊರಗೆ ಇವರು ಯಾರ ಸಹಾಯವೂ ಇಲ್ಲದೆ ಮಾಡಿಕೊಂಡ ಮೊದಲ ಕೆಲಸ ಅದು. ಹೊರಗೆ ಬಂದವರು ಒಂದು ದೊಡ್ಡ ಲೋಟ ನೀರು ಕೇಳಿ ಕುಡಿದರು. ನನಗೆ ಕಣ್ಣು ತುಂಬಿತು.

ನಾವು ಹೋದದ್ದು ದೂರಕ್ಕೇನೂ ಅಲ್ಲ. ವೇಣೂರು, ಮೂಡುಬಿದಿರೆ, ಕಾರ್ಕಳ ನೋಡಿಕೊಂಡು ಬಜಗೋಳಿ, ನಾರಾವಿಯ ಮೇಲೆ ತಿರುಗಿ ಮನೆಗೆ. ಇಡೀ ಸುತ್ತು ನೂರು ಕಿಲೋಮೀಟರ್ ಆಗಲಿಕ್ಕಿಲ್ಲ. ಗಟ್ಟಿಮುಟ್ಟಾದವರು ಒಂದು ಮಧ್ಯಾಹ್ನದಲ್ಲಿ ಮುಗಿಸುವ ದಾರಿಯನ್ನು ನಾವು ರಾತ್ರಿ ತಂಗುತ್ತಾ, ಸಾವಕಾಶವಾಗಿ ಮಾಡಿದೆವು.

ವೇಣೂರಿನ ಗೊಮ್ಮಟ ನಮ್ಮ ಅಳದಂಗಡಿಯ ಅಜಿಲರ ವಂಶದ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ್ದು. ಫಲ್ಗುಣಿ ಹೊಳೆಯ ದಂಡೆಯಲ್ಲಿ ಸಮನೆಲದ ಮೇಲೆಯೇ ನಿಂತಿದ್ದಾನೆ. ಶ್ರವಣಬೆಳಗೊಳದಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು, ಆಗದವರಿಗೆ ಡೋಲಿಯೇ ಗತಿ. ವೇಣೂರಿನಲ್ಲಿ ಬೆಟ್ಟ ಹತ್ತುವ ಮಾತೇ ಇಲ್ಲ. ಮನೆಗೆ ಇಷ್ಟು ಹತ್ತಿರವಿದ್ದರೂ 2024ರ ಮಹಾಮಸ್ತಕಾಭಿಷೇಕವನ್ನು ಇವರು ಜನಜಂಗುಳಿಗೆ ಹೆದರಿ ಟಿ.ವಿ.ಯಲ್ಲಿ ನೋಡಿದ್ದರು. ಅದು ನಡೆಯುವುದು ಹನ್ನೆರಡು ವರ್ಷಕ್ಕೊಮ್ಮೆ. ಈ ಸಲ ಬೆಳಗಿನ ಹೊತ್ತು, ಯಾರೂ ಇಲ್ಲದಾಗ, ವಾಕರ್ ಊರಿಕೊಂಡು ಮೆಲ್ಲಗೆ ಹೋಗಿ ಎದುರಿಗೆ ನಿಂತರು. ಸುಸ್ತಾದಾಗ ಮಗ ಕುರ್ಚಿ ತಂದಿಟ್ಟ. ಮತ್ತೂ ನೋಡಿದರು.

ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ. ಎಲ್ಲ ಕಡೆ ಹೋಗಲು ಇವರಿಂದಾಗಲಿಲ್ಲ. ಒಂದೇ ಕಂಬದ ಬಳಿ ಕೂತು ಅದರ ಕೆತ್ತನೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಹಿಂದೆ ಮಕ್ಕಳನ್ನು ಕರೆದುಕೊಂಡು ಬಂದಾಗಲೆಲ್ಲ ಲೆಕ್ಕ ಮಾಡುವ ಅವಸರದಲ್ಲಿ ಒಂದು ಕಂಬವನ್ನೂ ನೋಡಿರಲಿಲ್ಲ. ಕಾರ್ಕಳದಲ್ಲಿ 1432ರ, 42 ಅಡಿಯ ಬಾಹುಬಲಿಗೆ ಬೆಟ್ಟದ ಬುಡದಲ್ಲಿ ವ್ಯಾನು ನಿಲ್ಲಿಸಿ, ಕಿಟಕಿಯಿಂದಲೇ ಕೈಮುಗಿದರು. ನಾನು ಗಂಜಿ ಬಿಸಿ ಮಾಡಿ ಮಾವಿನಮಿಡಿ ಹಾಕಿ ಕೊಟ್ಟೆ. ಮೇಲೆ ಹತ್ತಲಾಗಲಿಲ್ಲವಲ್ಲ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ಇದೆಲ್ಲ ನಮಗೆ ಮಾತ್ರ ಹೊಳೆದದ್ದಲ್ಲ. ಮೈಸೂರಿನ ಕೃಷ್ಣಕುಮಾರ್ ಅವರ ಸುದ್ದಿಯನ್ನು ನೀನೂ ಓದಿರಬೇಕು. ಆಯುಷ್ಯವನ್ನೆಲ್ಲ ಅಡುಗೆಮನೆಯಲ್ಲೇ ಕಳೆದ ತಾಯಿ ಚೂಡಾರತ್ನಮ್ಮ ಬೇಲೂರು ಹಳೇಬೀಡನ್ನೂ ನೋಡಿಲ್ಲ ಎಂದು ತಿಳಿದು, ಕೆಲಸ ಬಿಟ್ಟು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟರು. 2020ರಲ್ಲಿ ಮೈಸೂರಿಗೆ ಮರಳುವಾಗ ತಾಯಿ ಮಗ 56,000 ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿದ್ದರು. ಅಮೆರಿಕದ ಮಿಶಿಗನ್‌ನಲ್ಲಿ ನಾರ್ಮಾ ಎಂಬ ಅಜ್ಜಿಗೆ 2015ರಲ್ಲಿ, ತೊಂಬತ್ತನೆಯ ವಯಸ್ಸಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆ ಬೇಡವೆಂದು ಮಗ ಸೊಸೆಯ ಮೋಟರ್‌ಹೋಮಿನಲ್ಲಿ ವೀಲ್‌ಚೇರ್ ಇಟ್ಟುಕೊಂಡು ಹೊರಟವರು, ಮರುವರ್ಷ ತೀರಿಕೊಳ್ಳುವವರೆಗೂ ಊರೂರು ನೋಡಿದರು. ಆ ತಾಯಂದಿರಿಗೆ ದಾರಿ ತೆರೆದದ್ದು ನಿಧಾನಕ್ಕೆ ಹೆಜ್ಜೆ ಹಾಕಲು ತಯಾರಿದ್ದ ಮಕ್ಕಳು ಎಂದು ನನಗೆ ಅನ್ನಿಸುತ್ತದೆ.

ತೊಂದರೆಗಳನ್ನೂ ಹೇಳಬೇಕು, ಬಚ್ಚಿಟ್ಟು ನಿನ್ನನ್ನು ಹೊರಡಿಸುವುದಿಲ್ಲ. ಬಾಡಿಗೆ ದುಬಾರಿ. ವ್ಯಾನಿನ ಮೆಟ್ಟಿಲೂ ಎತ್ತರವೇ, ನಾವು ಅಗಲವಾದ ಗಟ್ಟಿ ಮಣೆ ಇಟ್ಟು ಹತ್ತಿಸಿದೆವು. ಓಡುವಾಗ ಒಳಗೆ ಎದ್ದು ನಡೆಯಲೇಬಾರದು, ಬ್ರೇಕ್ ಹಾಕಿದರೆ ನಮ್ಮ ಎಲುಬು ತಡೆಯುವುದಿಲ್ಲ. ಬೆಲ್ಟ್ ಕಟ್ಟಿ ಕೂರಬೇಕು, ಏಳಬೇಕಾದರೆ ಗಾಡಿ ನಿಲ್ಲಿಸಬೇಕು. ತಾಸಿಗೊಮ್ಮೆ ನಿಲ್ಲಿಸಿ ಕಾಲಾಡಿಸಬೇಕು, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಮಾಡುತ್ತಿರಬೇಕು, ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವ ಭಯ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಸಹವಾಸವೇ ಬೇಡ, ಗುಡ್ಡ ಯಾವಾಗ ಜರಿಯುತ್ತದೆಂದು ಹೇಳಲಾಗುವುದಿಲ್ಲ. ಇಷ್ಟು ಖರ್ಚು ಆಗದವರು ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು, ಮಡಚುವ ಕಮೋಡ್ ಕುರ್ಚಿಯನ್ನೂ ಮರೆಗೆ ಒಂದು ದಪ್ಪ ಪರದೆಯನ್ನೂ ಇಟ್ಟುಕೊಂಡರೂ ಅರ್ಧ ಹೆದರಿಕೆ ಹೋಗುತ್ತದೆ.

ಬಜಗೋಳಿ ದಾಟಿದ ಮೇಲೆ ಒಂದು ಕಡೆ ಇವರು “ಸ್ವಲ್ಪ ನಿಲ್ಲಿಸು” ಎಂದರು. ಕಾರಣ ಯಾರೂ ಕೇಳಲಿಲ್ಲ. ಡ್ರೈವರ್ ಮರದ ನೆರಳಿಗೆ ತಂದು ನಿಲ್ಲಿಸಿದ. ಗದ್ದೆ ನೋಡಿದರು, ಚಹಾ ಕುಡಿದರು, “ಇನ್ನು ಹೋಗುವ” ಎಂದರು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ಹೇಳುವ ಅಧಿಕಾರ ಕಾಯಿಲೆ ಬಂದಂದಿನಿಂದ ಇವರ ಕೈ ಬಿಟ್ಟುಹೋಗಿತ್ತು. ಅದು ತಿರುಗಿ ಬಂತು. ನಿನಗೂ ಅದು ಬರಬೇಕು, ನನ್ನ ಆಸೆ ಇಷ್ಟೇ.

ಆದ ಕಾರಣ ಕೇಳು. ಸಂಕ್ರಾಂತಿ ಕಳೆದ ಮೇಲೆ ಅದೇ ವ್ಯಾನನ್ನು ಮತ್ತೆ ಕರೆಸುತ್ತೇವೆ, ಖರ್ಚನ್ನು ಎರಡು ಮನೆಯವರು ಹಂಚಿಕೊಳ್ಳುವ. ನೀನು ಮಂಗಳೂರಿನ ತನಕ ಬಂದರೆ ಸಾಕು. ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಕೊಡುತ್ತಾರೆ, ಟಿಕೆಟ್ ಮಾಡುವಾಗಲೇ ಹೇಳಿಸು. ಅಲ್ಲಿಂದ ಮುಂದಿನದು ನಮ್ಮ ಜವಾಬ್ದಾರಿ. ಧರ್ಮಸ್ಥಳದಲ್ಲಿ ಬಾಹುಬಲಿ ಇರುವ ರತ್ನಗಿರಿಯ ಮೇಲಿನವರೆಗೆ ರಸ್ತೆಯಿದೆ, ಮೊದಲು ಅಲ್ಲಿಗೆ ಹೋಗುವ.

ನಿನ್ನ ಡಾಕ್ಟರರ ಹತ್ತಿರ ಮೂರು ವಿಷಯ ಕೇಳಿ ಬರೆ: ಒಂದೇ ಸಮನೆ ಎಷ್ಟು ಹೊತ್ತು ಕೂರಬಹುದು, ಎಷ್ಟು ಎತ್ತರದ ಮೆಟ್ಟಿಲು ಹತ್ತಬಹುದು, ಯಾವ ಮಗ್ಗುಲಲ್ಲಿ ಮಲಗಬೇಕು. ನೀನೀಗ ಮಲಗುವ ಮಂಚ ನೆಲದಿಂದ ಎಷ್ಟು ಎತ್ತರವಿದೆ ಎಂದು ಸೊಸೆಯ ಹತ್ತಿರ ಟೇಪು ಹಿಡಿಸಿ ಅಳೆಸು. ವ್ಯಾನಿನ ಮಂಚ ತಗ್ಗಾದರೆ ಇನ್ನೊಂದು ಹಾಸಿಗೆ ಹಾಕಿಸಿ ಸರಿಮಾಡಿಡುತ್ತೇನೆ. ಬುಕಿಂಗ್ ಮಾಡಲು ಮಗ ಕಾಯುತ್ತಿದ್ದಾನೆ, ಈ ವಾರದೊಳಗೆ ಉತ್ತರ ಕೊಡು.

ನಿನ್ನ
ಅಕ್ಕ