ಗೋಡೆಯ ಮೇಲಿನ ತಕ್ಕಡಿ

ಮೀಟರ್ ಓದುವವರು ತಿಂಗಳಿಗೊಮ್ಮೆ ಕೊಟ್ಟು ಹೋಗುವ ಬೆಸ್ಕಾಂ ಚೀಟಿಯಲ್ಲಿ ನಾವು ಸಾಮಾನ್ಯವಾಗಿ ಎರಡನ್ನೇ ನೋಡುತ್ತೇವೆ: ಕಟ್ಟಬೇಕಾದ ಮೊತ್ತ ಮತ್ತು ಕೊನೆಯ ದಿನಾಂಕ. ಉಳಿದ ಸಾಲುಗಳನ್ನು ಓದುವವರು ವಿರಳ. ಆದರೆ ಆ ಚೀಟಿ ಒಂದು ಅಳತೆಯ ಪತ್ರ. ಎಷ್ಟು ಪಡೆದೆವು, ಎಷ್ಟು ಕೊಡಬೇಕು ಎಂಬ ಲೆಕ್ಕ ಅದರಲ್ಲಿದೆ. ಅಳತೆ ತೂಕಗಳಲ್ಲಿ ವಂಚಿಸುವವರಿಗೆ ಪವಿತ್ರ ಕುರ್‌ಆನಿನ 83ನೇ ಅಧ್ಯಾಯ ಅಲ್ ಮುತಫ್ಫಿಫೀನ್ ನೀಡುವ ಎಚ್ಚರಿಕೆಯನ್ನು ನಾವು ಅಂಗಡಿಯ ತಕ್ಕಡಿಗಷ್ಟೇ ಸೀಮಿತಗೊಳಿಸಿಕೊಂಡಿದ್ದೇವೆ. ಗೋಡೆಯ ಮೇಲಿನ ಮೀಟರೂ ಒಂದು ತಕ್ಕಡಿಯೇ.

ಮೊದಲು ಚೀಟಿಯನ್ನು ಓದೋಣ. ಆರ್.ಆರ್. ಸಂಖ್ಯೆಯು ಆ ಸಂಪರ್ಕದ ಗುರುತು. ಇಂದಿನ ಮಾಪನದಿಂದ ಹಿಂದಿನ ಮಾಪನವನ್ನು ಕಳೆದರೆ ಬಳಸಿದ ಯೂನಿಟ್‌ಗಳು ಸಿಗುತ್ತವೆ. ಮೀಟರಿನ ಅಂಕಿಯೊಡನೆ ಇದನ್ನು ಹೋಲಿಸಿ ನೋಡಬಹುದು. ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕವಿರುತ್ತದೆ. ಮನೆಗೆ ಬೀಗ ಹಾಕಿದ್ದರೂ ಅದು ತಪ್ಪದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2025-26ರ ಆದೇಶದಂತೆ ಗೃಹಬಳಕೆಗೆ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ಪ್ರತಿ ಯೂನಿಟ್‌ಗೆ 5.80 ರೂಪಾಯಿ ಬಳಕೆಯ ಶುಲ್ಕ, ಅದರ ಜೊತೆಗೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆ ಇತ್ತು. ಆ ದರದಲ್ಲಿ ಮೂರು ಕಿಲೋವ್ಯಾಟ್ ಮನೆಯಲ್ಲಿ 210 ಯೂನಿಟ್ ಬಳಸಿದರೆ 435, 1,218 ಮತ್ತು 75.60 ಸೇರಿ 1,728.60 ರೂಪಾಯಿ. ಇಂಧನ ವೆಚ್ಚದ ಹೊಂದಾಣಿಕೆ ಮತ್ತು ಶೇ. 9ರ ತೆರಿಗೆ ಇದಕ್ಕೆ ಸೇರುತ್ತವೆ.

ಇನ್ನು ಗೃಹಜ್ಯೋತಿ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯನ್ನು ‘200 ಯೂನಿಟ್ ಉಚಿತ’ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ, 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮಾತ್ರ ಆಯಾ ಮನೆಯ ಅರ್ಹತೆ ಎಂಬುದು ಮೂಲ ನಿಯಮ. ಅರ್ಹತೆ 140 ಇದ್ದು 195 ಬಳಸಿದರೆ ಹೆಚ್ಚುವರಿ 55 ಯೂನಿಟ್‌ಗಳಿಗೆ ಹಣ ಕಟ್ಟಬೇಕು. 201 ಆಯಿತೆಂದರೆ ಪೂರ್ಣ ಬಿಲ್ಲು ನಮ್ಮದೇ. ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್ ಉಪಕರಣದ ಒಂದು ಗಂಟೆಯ ಬಳಕೆ. ಎರಡು ಸಾವಿರ ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್! ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂದು ಕಲಿತ ನಮಗೆ, ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಕಾಣದಿರುವುದು ಹೇಗೆ?

ಆದರೆ ನಮ್ಮನ್ನು ಹೆಚ್ಚು ಕಾಡುವುದು ದುಂದಿಗಿಂತ ದೊಡ್ಡದಾದ ಇನ್ನೊಂದು ಸಂಗತಿ. ಜ್ಞಾನಭಾರತಿಯ ವಿಶ್ವವಿದ್ಯಾಲಯದ ಆವರಣವನ್ನು ಸುತ್ತುವರಿದ ಮಲ್ಲತ್ತಹಳ್ಳಿ, ನಾಗರಭಾವಿ, ಉಲ್ಲಾಳಗಳಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು ಇರುವ ಮನೆಗಳು ಬಹಳ. ವಿದ್ಯಾರ್ಥಿಗಳೂ ಕೂಲಿಕಾರರ ಕುಟುಂಬಗಳೂ ಅಲ್ಲಿ ವಾಸಿಸುತ್ತಾರೆ. ಇಂಥ ಕೆಲವು ಕಟ್ಟಡಗಳಲ್ಲಿ ಎಲ್ಲರಿಗೂ ಒಂದೇ ಮೀಟರು. ಎಲ್ಲರ ಬಳಕೆ ಕೂಡಿ 200 ದಾಟಿದಾಗ, ಮಿತವಾಗಿ ಬಳಸಿದ ಬಡ ಕುಟುಂಬವೂ ಸೌಲಭ್ಯವನ್ನು ಕಳೆದುಕೊಳ್ಳುತ್ತದೆ. ಇನ್ನು ಕೆಲವೆಡೆ ಸಬ್ ಮೀಟರಿನ ಲೆಕ್ಕದಲ್ಲಿ ಯೂನಿಟ್‌ಗೆ ಎಂಟೋ ಹತ್ತೋ ರೂಪಾಯಿ ವಸೂಲಾಗುತ್ತದೆ. ಮೂಲ ಬಿಲ್ಲನ್ನು ಬಾಡಿಗೆದಾರರು ಕಂಡೇ ಇರುವುದಿಲ್ಲ. ಶೂನ್ಯ ಬಿಲ್ಲು ಬಂದ ತಿಂಗಳಲ್ಲೂ ಕರೆಂಟಿನ ಹಣ ಪಡೆದವರ ಬಗ್ಗೆ ನಾವು ಕೇಳಿದ್ದೇವೆ. ಇದು ಜಾಣತನವಲ್ಲ, ಹಕ್ಕುಲ್ ಇಬಾದ್‌ನ ಉಲ್ಲಂಘನೆ. ತಾನು ಕೊಡದ ಹಣವನ್ನು ಇನ್ನೊಬ್ಬನಿಂದ ಕೊಟ್ಟೆನೆಂದು ಪಡೆಯುವುದು ತಕ್ಕಡಿಯನ್ನು ಕೈಯಿಂದ ಒತ್ತಿದಂತೆಯೇ.

ಮಾಲೀಕರಲ್ಲಿ ನಮ್ಮ ವಿನಂತಿ ಇಷ್ಟೇ: ಸಾಧ್ಯವಿದ್ದಲ್ಲಿ ಪ್ರತಿ ಮನೆಗೂ ಪ್ರತ್ಯೇಕ ಸಂಪರ್ಕ ಪಡೆಯಿರಿ. ಅದಾಗುವವರೆಗೆ ಬಿಲ್ಲನ್ನು ಎಲ್ಲರ ಮುಂದಿಟ್ಟು, ಬಳಕೆಗೆ ತಕ್ಕಂತೆ ಹಂಚಿ. ಬಾಡಿಗೆದಾರರಿಗೂ ಹೊಣೆಯಿದೆ. ಮೀಟರನ್ನು ತಪ್ಪಿಸಿ ತಂತಿ ಎಳೆಯುವುದು ಕಳವು. ಬಾಕಿ ಉಳಿಸಿ ಹೋದರೆ ಅದು ಆ ಆರ್.ಆರ್. ಸಂಖ್ಯೆಗೇ ಅಂಟಿಕೊಂಡು ಮಾಲೀಕರ ಅಥವಾ ಮುಂದೆ ಬರುವವರ ತಲೆಗೆ ಬೀಳುತ್ತದೆ. ಮನೆ ಬದಲಿಸುವಾಗ ಗೃಹಜ್ಯೋತಿಯ ಹಳೆಯ ಆಧಾರ್ ಜೋಡಣೆಯನ್ನು ರದ್ದುಪಡಿಸಿ, ಹೊಸ ಮನೆಗೆ ನೋಂದಾಯಿಸಿಕೊಳ್ಳಬೇಕು. ಇಲ್ಲವಾದರೆ ಹಿಂದಿನ ಮನೆಗೆ ಬಂದವರಿಗೂ ತೊಡಕು.

ಅಡುಗೆ ಅನಿಲದಲ್ಲೂ ಅಳತೆಯದೇ ಮಾತು. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಎರಡನ್ನೂ ಕೂಡಿದಷ್ಟು ತೂಗಬೇಕು. ತಂದುಕೊಡುವವರಲ್ಲಿ ತೂಕ ಮಾಡಿ ತೋರಿಸಿರೆಂದು ಕೇಳುವುದು ಸಂಶಯವಲ್ಲ, ಗ್ರಾಹಕನ ಹಕ್ಕು. ಕೇಳುವಾಗ ಮಾತು ಮೃದುವಾಗಿರಲಿ. ಬಿಸಿಲಿನಲ್ಲಿ ಮೂರು ಮಹಡಿ ಹತ್ತಿ ಬಂದವನು ಅವನು.

ಈ ತಿಂಗಳ ಚೀಟಿ ಬಂದಾಗ ಅದನ್ನು ಮನೆಮಂದಿಯೆಲ್ಲ ಕೂಡಿ ಓದೋಣ. ಮಕ್ಕಳಿಂದಲೇ ಕಳೆಯುವ ಲೆಕ್ಕ ಮಾಡಿಸೋಣ. ನಮಗೆ ಬರಬೇಕಾದುದನ್ನು ಕೇಳಿ ಪಡೆಯುವ, ಇತರರಿಗೆ ಸಲ್ಲಬೇಕಾದುದನ್ನು ಕೇಳದೆಯೇ ಕೊಡುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.