ಹಂಚದೆ ಉಳಿಸಿದ್ದು

2001ರಲ್ಲಿ ನಮ್ಮ ಮನೆಗೆ ಎರಡನೆಯ ಕಂಪ್ಯೂಟರ್ ಬಂತು. ಫೋನ್ ಲೈನು ಒಂದೇ, ಮೋಡೆಮ್ ಮಗನ ಕಂಪ್ಯೂಟರಿನಲ್ಲಿ. ಎರಡರಲ್ಲೂ ಇದ್ದದ್ದು 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿ. ಒಂದೇ ಇಂಟರ್‌ನೆಟ್ ಸಂಪರ್ಕವನ್ನು ಹಂಚಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. ನಡುವೆ ಕೇಬಲ್ ಎಳೆದದ್ದಾಯಿತು. ಆದರೂ ಒಂದರ ಮುಖ ಇನ್ನೊಂದು ನೋಡದು, ಮಾತು ಬಿಟ್ಟ ಓರಗಿತ್ತಿಯರ ಹಾಗೆ!

ಮಗ ಎರಡಕ್ಕೂ ಒಂದೇ ವರ್ಕ್‌ಗ್ರೂಪ್ ಹೆಸರಿಟ್ಟ. ಅವನದಕ್ಕೆ 192.168.0.1 ಎಂಬ ವಿಳಾಸ. ನನ್ನದು ತನ್ನ ವಿಳಾಸವನ್ನು ಅದರಿಂದಲೇ ಕೇಳಿ ಪಡೆಯುವಂತೆ ಮಾಡಿದ. ಇಂಟರ್‌ನೆಟ್ ಬಂತು. ಅವನು ಕಂಪ್ಯೂಟರ್ ಆರಿಸಿದರೆ ನನಗೂ ಇಲ್ಲ, ಅಷ್ಟೆ.

ಫೈಲುಗಳು ಮಾತ್ರ ಕಾಣಲಿಲ್ಲ. ಹಂಚಬೇಕಾದ ಫೋಲ್ಡರನ್ನು ನಾವೇ ಆರಿಸಿ ಒಪ್ಪಿಗೆ ಕೊಡಬೇಕಂತೆ. "ಅಮ್ಮಾ, ಯಾವ್ಯಾವುದನ್ನ ಕೊಡ್ತೀಯ?" ಎಂದ. ನಾನು ಸುಮ್ಮನೆ ಕೂತೆ. ಮದುವೆಯಾಗಿ ಇಪ್ಪತ್ತೈದು ವರ್ಷ. ನನ್ನ ಬೀರು, ನನಗೆ ಬಂದ ಕಾಗದ, ತವರಿನವರು ಕೊಟ್ಟ ದುಡ್ಡು, ಯಾವುದರ ಬಗ್ಗೆಯೂ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲವೂ ಮನೆಯದು.

ಮನೆಯ ಲೆಕ್ಕ, ನೆಂಟರ ವಿಳಾಸಗಳು, ಉಪ್ಪಿನಕಾಯಿಯ ಅಳತೆ, ಎಲ್ಲ ಕೊಟ್ಟೆ. ರಾತ್ರಿ ಹೊತ್ತು 'ಬರಹ'ದಲ್ಲಿ ಟೈಪ್ ಮಾಡುತ್ತಿದ್ದುದನ್ನು ಕೊಡಲಿಲ್ಲ.

"ಅದರಲ್ಲೇನಿದೆ?" ಎಂದರು ಯಜಮಾನರು.

"ನನ್ನದು" ಎಂದೆ.