ಯಾರ ಪೈಕಿ ಎಂದು ಕೇಳದ ದಫ್ತರ

ಎಲ್ಲೋ ಅನ್ಯಾಯವಾಯಿತು, ಯಾರನ್ನೋ ಪೊಲೀಸರು ಎತ್ತಿಕೊಂಡು ಹೋದರು ಎಂಬ ಸುದ್ದಿ ಬಂದರೆ ನಮ್ಮಲ್ಲಿ ಮೊದಲು ಹೊರಡುವ ಪ್ರಶ್ನೆ 'ಅವರು ಯಾರ ಪೈಕಿ?' ಎಂಬುದು. ಮೊಹಲ್ಲಾದಲ್ಲೂ ಇದೇ, ಅಗ್ರಹಾರದಲ್ಲೂ ಇದೇ. ಉತ್ತರ ಸಿಕ್ಕ ಮೇಲೆಯೇ ನಮ್ಮ ಕರುಣೆ ಏಳಬೇಕೋ ಮಲಗಬೇಕೋ ಎಂದು ತೀರ್ಮಾನಿಸುತ್ತದೆ. ಈ ಪ್ರಶ್ನೆ ಕೇಳದೆ ಹದಿನಾರು ವರ್ಷ ಕೆಲಸ ಮಾಡಿದ ಚರ್ಚಿನ ಕಚೇರಿಯೊಂದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ದಕ್ಷಿಣ ಅಮೆರಿಕದ ಚಿಲಿಯಲ್ಲಿ 1973ರ ಸೆಪ್ಟೆಂಬರ್ 11ರಂದು ಸೈನ್ಯವು ಚುನಾಯಿತ ಅಧ್ಯಕ್ಷ ಸಾಲ್ವಡಾರ್ ಅಲೆಂಡೆಯವರ ಸರ್ಕಾರವನ್ನು ಉರುಳಿಸಿತು. ಜನರಲ್ ಪಿನೋಶೆಯ ಆಡಳಿತದಲ್ಲಿ ಕಾರ್ಮಿಕರು, ರೈತರು, ವಿದ್ಯಾರ್ಥಿಗಳು ಕಾಣೆಯಾಗತೊಡಗಿದರು. ಹುಡುಕಿಕೊಂಡು ಬಂದ ಮನೆಯವರಿಗೆ ಠಾಣೆಯಲ್ಲಿ ಸಿಗುತ್ತಿದ್ದುದು 'ಅಂಥವರು ನಮ್ಮಲ್ಲಿಲ್ಲ' ಎಂಬ ಉತ್ತರ. ಅದೇ ಅಕ್ಟೋಬರಿನಲ್ಲಿ ಕ್ಯಾಥೊಲಿಕರು, ಲೂಥರನ್ನರು, ಮೆಥಡಿಸ್ಟರು, ಯಹೂದಿಗಳು ಸೇರಿ ಇಂಥವರ ನೆರವಿಗೆ ಒಂದು ಸಮಿತಿ ಕಟ್ಟಿದರು. ಅದರ ಮುಂದಾಳುಗಳಲ್ಲೊಬ್ಬರಾದ ಲೂಥರನ್ ಬಿಷಪ್ ಹೆಲ್ಮುಟ್ ಫ್ರೆನ್ಜ್ ಅವರು ಚಿಲಿಗೆ ಮರಳದಂತೆ 1975ರಲ್ಲಿ ಸರ್ಕಾರ ನಿಷೇಧಿಸಿತು. ಸಮಿತಿಯನ್ನೂ ಮುಚ್ಚಿಸಿತು.

ಆಗ ಸಾಂತಿಯಾಗೊ ನಗರದ ಕಾರ್ಡಿನಲ್ ರವುಲ್ ಸಿಲ್ವಾ ಹೆನ್ರಿಕೆಸ್ ಜಾಣತನದ ಹೆಜ್ಜೆ ಇಟ್ಟರು. 1976ರ ಜನವರಿಯಲ್ಲಿ ತಮ್ಮ ಧರ್ಮಪ್ರಾಂತ್ಯದ ಒಂದು ವಿಭಾಗವಾಗಿಯೇ 'ಐಕಮತ್ಯದ ಕಚೇರಿ' ತೆರೆದರು. ಸ್ಪ್ಯಾನಿಶ್‌ನಲ್ಲಿ ಅದರ ಹೆಸರು ವಿಕಾರಿಯಾ ದೆ ಲಾ ಸೊಲಿದಾರಿದಾದ್. ಇನ್ನು ಅದನ್ನು ಮುಚ್ಚಬೇಕೆಂದರೆ ಇಡೀ ಕ್ಯಾಥೊಲಿಕ್ ಚರ್ಚಿನ ಮೇಲೆಯೇ ಕೈ ಮಾಡಬೇಕಿತ್ತು.

ಅಲ್ಲಿ ವಕೀಲರು ಕಾಣೆಯಾದವರ ಪರವಾಗಿ ಸಾವಿರಾರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ನ್ಯಾಯಾಲಯಗಳು ಹೆಚ್ಚುಕಡಿಮೆ ಎಲ್ಲವನ್ನೂ ತಳ್ಳಿಹಾಕಿದವು. ಮುಚ್ಚಿದ ಬಾಗಿಲು ಹೇಗಿರುತ್ತದೆಂದು ತಿಳಿಯಲು ನಾವು ಚಿಲಿಯವರೆಗೆ ಹೋಗಬೇಕಿಲ್ಲ. ಅದೇ 1976ರ ಏಪ್ರಿಲ್‌ನಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಬಂಧಿತನಿಗೆ ಇಂಥ ಅರ್ಜಿ ಹಾಕುವ ಹಕ್ಕಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟೂ ಹೇಳಿತ್ತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ.

ಸೋಲುವುದು ಗೊತ್ತಿದ್ದೂ ಅವರು ಅರ್ಜಿ ಬರೆದದ್ದೇಕೆ? ಕಥೆಗಾರನಾದ ನನಗೆ ಈ ಪ್ರಶ್ನೆ ಮುಖ್ಯವೆನಿಸುತ್ತದೆ. ಪ್ರತಿ ಅರ್ಜಿಯಲ್ಲೂ ಹೆಸರು, ಊರು, ಎತ್ತಿಕೊಂಡು ಹೋದ ದಿನ, ನೋಡಿದವರ ಹೇಳಿಕೆ ಇರುತ್ತಿತ್ತು. ಇಲ್ಲವೇ ಇಲ್ಲ ಎಂದು ಸರ್ಕಾರ ಹೇಳಿದ ಮನುಷ್ಯ, ಕಾಗದದ ಮೇಲಾದರೂ 'ಇದ್ದಾನೆ' ಎಂದಾಗುತ್ತಿತ್ತು.

1978ರ ಕೊನೆಗೆ ಲೊಂಕೆನ್ ಎಂಬಲ್ಲಿನ ಹಾಳುಬಿದ್ದ ಸುಣ್ಣದ ಭಟ್ಟಿಯಲ್ಲಿ ಹೆಣಗಳಿವೆ ಎಂಬ ಸುದ್ದಿ ಚರ್ಚಿಗೆ ತಲುಪಿತು. ಅವರು ಹೋಗಿ ನೋಡಿ ನ್ಯಾಯಾಲಯಕ್ಕೆ ತಿಳಿಸಿದರು. ಸಿಕ್ಕಿದ್ದು 1973ರ ಅಕ್ಟೋಬರಿನಲ್ಲಿ ಪೊಲೀಸರು ಹಿಡಿದೊಯ್ದಿದ್ದ ಹದಿನೈದು ಜನರ ಅವಶೇಷ. ಅವರಲ್ಲಿ ಒಬ್ಬ ತಂದೆ ಮತ್ತು ಅವನ ನಾಲ್ವರು ಮಕ್ಕಳಿದ್ದರು. ಕೊಂದವರಿಗೆ ಕ್ಷಮಾದಾನದ ಕಾನೂನು ಒದಗಿಬಂತು. ಆದರೆ ಕಾಣೆಯಾದವರು ಎಲ್ಲೋ ತಲೆಮರೆಸಿಕೊಂಡಿದ್ದಾರೆ ಎಂಬ ಸುಳ್ಳು ಅಂದೇ ಸತ್ತಿತು.

ಹೆಂಗಸರು ಇನ್ನೊಂದು ಬಗೆಯಲ್ಲಿ ಬರೆದರು. ಕಾಣೆಯಾದವರ ತಾಯಂದಿರು, ಹೆಂಡಂದಿರು ಚರ್ಚಿನ ಆಸರೆಯಲ್ಲಿ ಕೂಡಿ ಗೋಣಿತಟ್ಟಿನ ಮೇಲೆ ಹಳೆ ಬಟ್ಟೆಯ ಚೂರುಗಳಿಂದ ಚಿತ್ರ ಹೊಲಿದರು. 'ಎಲ್ಲಿದ್ದಾರೆ ಅವರು?' ಎಂಬ ಫಲಕ ಹಿಡಿದ ಹೆಂಗಸರು, ಜೈಲು, ಗಂಜಿ ಕೇಂದ್ರ ಎಲ್ಲವೂ ಅದರಲ್ಲಿದ್ದವು. ವಿಕಾರಿಯಾ ಅವನ್ನು ಕೊಂಡು ಹೊರದೇಶಗಳಿಗೆ ದಾಟಿಸಿತು. ಅವುಗಳ ಪಟಗಳನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಅಮ್ಮಾ ಹೊಲಿಯುತ್ತಿದ್ದ ಕೌದಿ. ತೀರಿಹೋದ ಅಜ್ಜನ ಅಂಗಿಯ ತುಂಡು ಎಲ್ಲಿದೆಯೆಂದು ಆಕೆ ಬೆರಳಿಟ್ಟು ತೋರಿಸುತ್ತಿದ್ದಳು. ಓದುಬರಹ ಬಾರದವರ ದಫ್ತರವೂ ಒಂದಿರುತ್ತದೆ.

ಎಲ್ಲ ಕ್ರೈಸ್ತರೂ ಹೀಗಿದ್ದರೆಂದಲ್ಲ. ಸೇನಾಡಳಿತವನ್ನು ದೇವರ ಕೃಪೆ ಎಂದು ಹರಸಿದ ಧರ್ಮಗುರುಗಳೂ ಅಲ್ಲಿದ್ದರು. ಇತ್ತ ಚರ್ಚಿನ ದಫ್ತರಗಳನ್ನು ಜೋಡಿಸಿಡುತ್ತಿದ್ದ ಹೊಸೆ ಮ್ಯಾನುಯೆಲ್ ಪರಾದಾ ಕಮ್ಯುನಿಸ್ಟ್. 1985ರ ಮಾರ್ಚ್‌ನಲ್ಲಿ ಪೊಲೀಸರು ಅವರನ್ನೂ ಇನ್ನಿಬ್ಬರನ್ನೂ ಅಪಹರಿಸಿ ಕುತ್ತಿಗೆ ಕೊಯ್ದು ಕೊಂದರು. ಚರ್ಚಿನ ಕೆಲಸಕ್ಕಾಗಿ ಪ್ರಾಣ ಕೊಟ್ಟವನು ದೇವರನ್ನು ನಂಬುತ್ತಿದ್ದನೇ ಎಂದು ಯಾರು ಕೇಳಬೇಕು?

ಉರ್ದು ಶಾಲೆಯಲ್ಲಿ ನಮಗೆ ಕಲಿಸಿದ್ದರು: ಶಾಹಿದ್ ಅಂದರೆ ಸಾಕ್ಷಿ ಹೇಳುವವನು, ಶಹೀದ್ ಅಂದರೆ ಸತ್ಯಕ್ಕಾಗಿ ಪ್ರಾಣ ಕೊಟ್ಟವನು, ಎರಡರ ಬೇರೂ ಒಂದೇ. ಕ್ರೈಸ್ತರು ಬಳಸುವ 'ಮಾರ್ಟರ್' ಎಂಬ ಪದಕ್ಕೂ ಗ್ರೀಕ್ ಮೂಲದಲ್ಲಿ ಸಾಕ್ಷಿ ಎಂದೇ ಅರ್ಥ. ಎರಡು ಧರ್ಮಗಳ ಭಾಷೆಗಳು ಗುಟ್ಟಾಗಿ ಒಪ್ಪಿಕೊಂಡ ಮಾತಿದು. ಆದರೆ ನಾವು ಸತ್ತವನ ಮೆರವಣಿಗೆ ಮಾಡುತ್ತೇವೆ, ಬದುಕಿ ಸಾಕ್ಷಿ ಹೇಳುವವನನ್ನು ಒಂಟಿ ಬಿಡುತ್ತೇವೆ.

ಪಿನೋಶೆ 1990ರಲ್ಲಿ ಅಧಿಕಾರ ಬಿಟ್ಟ. ಕೊಲೆಯಾದವರ, ಕಾಣೆಯಾದವರ ಲೆಕ್ಕ ಹಾಕಲು ನೇಮಕವಾದ ಆಯೋಗಕ್ಕೆ ವಿಕಾರಿಯಾದ ಕಡತಗಳೇ ದೊಡ್ಡ ಆಧಾರವಾದವು. 1991ರ ಅದರ ವರದಿ 2,279 ಜನರನ್ನು ಹೆಸರಿಸಿತು. ನ್ಯಾಯಾಲಯಗಳು ತಳ್ಳಿಹಾಕಿದ್ದ ಕಾಗದಗಳನ್ನು 2003ರಲ್ಲಿ ಯುನೆಸ್ಕೊ ಜಗತ್ತಿನ ನೆನಪಿನ ದಾಖಲೆಗಳಲ್ಲಿ ಸೇರಿಸಿತು.

ನಮ್ಮ ಜಮಾತ್‌ಗಳು ದೂರದ ನೊಂದವರಿಗೆ ಚಂದಾ ಎತ್ತುತ್ತವೆ, ಮನವಿ ಪತ್ರ ಕೊಡುತ್ತವೆ. ಒಳ್ಳೆಯದೇ. ಜೊತೆಗೆ ಒಂದು ನೋಟ್‌ಬುಕ್ಕೂ ಇರಲಿ. ಠಾಣೆಯ ಮುಂದೆ ಮಗನಿಗಾಗಿ ಕಾಯುವ ತಾಯಿಯ ತಲೆಯ ಮೇಲೆ ಬುರ್ಖಾ ಇರಲಿ, ಸೆರಗಿರಲಿ, ಹತ್ತಿರ ಹೋಗಿ ಕೇಳಬೇಕಾದದ್ದು ಇಷ್ಟೇ: ಮಗನ ಹೆಸರೇನಮ್ಮಾ, ಯಾವತ್ತು ಕರೆದುಕೊಂಡು ಹೋದರು?